ಕಲಗಚ್ಚಿನ ಬಕೆಟ್ಟಿಗೆ ಪಿಟೀಲು ನುಡಿಸಿದವಳು

ಹಂದಿ ಸಾಕುವವರ ಮನೆಯಲ್ಲಿ ಹುಟ್ಟಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಆ ವಾಸನೆ ಸೋಪಿಗೆ ಬಗ್ಗುವುದಿಲ್ಲ. ನೆಲ್ಡಾ ಸ್ಟ್ರೌಡ್ ಶಾಲೆಗೆ ಹೊರಡುವ ಮುಂಚೆ ವಿನೆಗರ್ ಬೆರೆಸಿದ ನೀರಿನಲ್ಲಿ ಕೂದಲು ತೊಳೆಯುತ್ತಿದ್ದಳು, ಉಗುರಿನ ಸಂದಿಗೆ ನಿಂಬೆಹೋಳು ತಿಕ್ಕುತ್ತಿದ್ದಳು. ಆದರೂ ಬಸ್ಸು ಹತ್ತಿದೊಡನೆ ಹಿಂದಿನ ಸೀಟಿನ ಹುಡುಗಿಯರು ಮೂಗು ಮುಚ್ಚಿಕೊಂಡು ಗೊರ್ ಗೊರ್ ಅನ್ನುತ್ತಿದ್ದರು. ಅವರ ಮನೆಗಳಲ್ಲೂ ಹಂದಿಗಳೇ ಇದ್ದವು, ಆ ಮಾತು ಬೇರೆ. ಅಮೆರಿಕದ ಮಿಸೌರಿಯ ಆ ಸೀಮೆಯಲ್ಲಿ ಹಂದಿ ಇಲ್ಲದ ಮನೆ ಯಾವುದಿತ್ತು? ಇವಳ ಮನೆಯಲ್ಲಿ ಕೊಂಚ ಹೆಚ್ಚು ಇದ್ದವು ಮತ್ತು ಕೂದಲು ಬಾಚಿ ಕಳಿಸುವ ತಾಯಿ ಇರಲಿಲ್ಲ, ಅಷ್ಟೇ.

ಅಪ್ಪ ಕ್ಲೆಲ್ ಸ್ಟ್ರೌಡ್ ಮಾತು ಕಮ್ಮಿಯ ಮನುಷ್ಯ. ಶನಿವಾರ ಸಂಜೆ ರೈತರ ಸಂಘದ ಸಭಾಂಗಣದಲ್ಲಿ ಊರವರು ಕುಣಿಯುವಾಗ ಪಿಟೀಲು ನುಡಿಸುತ್ತಿದ್ದ. ಅದಕ್ಕೆ ಮುಂಚೆ ತಪ್ಪದೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕುತ್ತಿದ್ದ. ಮಗಳಿಗೆ ಪಿಟೀಲು ಕಲಿಸಿದ್ದೂ ಅವನೇ. ಬೈಯಲಿಲ್ಲ, ಹೊಗಳಲಿಲ್ಲ. ತಪ್ಪಾದಾಗ ತನ್ನ ಕಮಾನು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದ. ಸರಿಯಾಗುವವರೆಗೆ ಕೂರುತ್ತಿದ್ದ.

ಶಾಲೆ ಮುಗಿಸಿದವಳೇ ನೆಲ್ಡಾ ಕೊಲಂಬಿಯಾ ಪಟ್ಟಣಕ್ಕೆ ಹೋಗಿ ಒಂದು ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ದಿನವಿಡೀ ಆವಿ, ಗಂಜಿ, ಕಂಡವರ ಕಾಲರು. ಉಳಿದ ಹುಡುಗಿಯರು ಗೊಣಗುತ್ತಿದ್ದರು, ಇವಳಿಗೆ ಅದು ಸ್ವರ್ಗ. ಸಂಜೆ ಮನೆಗೆ ಹೋಗುವಾಗ ಮೈಯೆಲ್ಲ ಒಗೆದ ಬಟ್ಟೆಯ ಘಮ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ದೇವರ ಹತ್ತಿರ ಅವಳು ಕೇಳಿಯೂ ಇರಲಿಲ್ಲ.

ಸ್ಕಿಪ್ ಹೇವರ್ಮನ್ ಸಿಕ್ಕಿದ್ದು ಅಲ್ಲೇ. ಸೇಂಟ್ ಲೂಯಿಸಿನ ದಂತವೈದ್ಯರೊಬ್ಬರ ಮಗ, ಕಾಲೇಜಿಗೆ ಹೆಸರಿಗೆ ಮಾತ್ರ ಹೋಗುತ್ತಿದ್ದವನು. ಒಗೆಯಲು ಕೊಟ್ಟ ಅವನ ಜೀನ್ಸಿನ ಮೊಣಕಾಲು ಹರಿದಿತ್ತು. ಅಯ್ಯೋ ಪಾಪ, ಯಾರೂ ನೋಡಿಕೊಳ್ಳುವವರಿಲ್ಲವೇನೋ ಎಂದು ನೆಲ್ಡಾ ಊಟದ ಬಿಡುವಿನಲ್ಲಿ ಕೂತು ಒಳಗಿನಿಂದ ತೇಪೆ ಕೊಟ್ಟು, ಹೊಲಿಗೆ ಕಾಣದ ಹಾಗೆ ಮುಚ್ಚಿ, ಇಸ್ತ್ರಿ ಹಾಕಿಟ್ಟಿದ್ದಳು. ಬಂದು ನೋಡಿದವನು ತಲೆ ಚಚ್ಚಿಕೊಂಡ. ಅದನ್ನು ಹರಿಯುವುದಕ್ಕೆ ಒಂದು ವಾರ ಇಟ್ಟಿಗೆ ಚೂರಿನಿಂದ ಉಜ್ಜಿದ್ದನಂತೆ. ನೆಲ್ಡಾ ಬಾಯಿ ತೆರೆದುಕೊಂಡು ನಿಂತಳು. ನಗಬೇಕೋ ಉಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಏನೋ ಹೇಳಿದಳು. ಅವಳ ಹಳ್ಳಿಯ ರಾಗ ಕಿವಿಗೆ ಬಿದ್ದದ್ದೇ ತಡ, ಅವನ ಮುಖ ಅರಳಿತು. ಯಾವೂರು, ಹಾಡು ಬರುತ್ತದಾ, ವಾದ್ಯ ಏನಾದರೂ ನುಡಿಸುತ್ತೀಯಾ ಎಂದು ಬೆನ್ನು ಹತ್ತಿದ.

ಅವನದೊಂದು ಬ್ಯಾಂಡು ಇತ್ತು. ಹಿಂದಿನ ವರ್ಷದವರೆಗೆ ಲಂಡನ್ನಿನ ರಾಕ್ ಹುಡುಗರನ್ನು ನೋಡಿ ಅವರಂತೆಯೇ ಕಿರುಚುತ್ತಿದ್ದವರು. ಈಗ ಗಾಳಿ ತಿರುಗಿ ಕಂಟ್ರಿ ರಾಕ್ ಬಂದಿತ್ತು. ಅಂದರೆ ನೆಲ್ಡಾಳ ಅಪ್ಪ ನುಡಿಸುತ್ತಿದ್ದ ಹಾಡುಗಳಿಗೇ ಕರೆಂಟು ಕೊಟ್ಟು, ಡ್ರಮ್ಮು ಸೇರಿಸಿ, ಕೂದಲು ಬಿಟ್ಟುಕೊಂಡು ಬಾರಿಸುವುದು. ಡ್ರಮ್ಮಿನವನ ಅಪ್ಪ ನ್ಯಾಯಾಧೀಶ, ಗಿಟಾರಿನವನ ಮನೆಯವರಿಗೆ ಎರಡು ದೋಣಿಗಳಿದ್ದವು. ಇವರೆಲ್ಲ ಬೂಟು ಹ್ಯಾಟು ಹಾಕಿಕೊಂಡು ಹೊಲದ ಹಾಡು ಹಾಡುತ್ತಿದ್ದರು. ಬ್ಯಾಂಡಿಗೆ ಸ್ಕಿಪ್ ಇಟ್ಟ ಹೆಸರು ‘ಸ್ಲಾಪ್ ಬಕೆಟ್’. ಹಂದಿಗೆ ಕಲಗಚ್ಚು ಒಯ್ಯುವ ಬಕೆಟ್ಟು! ಆ ಬಕೆಟ್ಟನ್ನು ಎಂದಾದರೂ ಎತ್ತಿದವರು, ಅದರ ಹುಳಿ ನೀರು ಕಾಲ ಮೇಲೆ ಚೆಲ್ಲಿಸಿಕೊಂಡವರು ತಮಗೆ ತಾವೇ ಆ ಹೆಸರು ಇಟ್ಟುಕೊಳ್ಳುತ್ತಾರೆಯೇ?

ಅವರು ಬಾಡಿಗೆಗಿದ್ದ ಮನೆಯನ್ನು ನೆನೆದರೆ ನೆಲ್ಡಾಗೆ ಈಗಲೂ ವಾಕರಿಕೆ ಬರುತ್ತದೆ. ತೊಟ್ಟಿಯಲ್ಲಿ ಬೂಷ್ಟು ಹಿಡಿದ ತಟ್ಟೆಗಳು, ಸೋಫಾದ ಮೇಲೆ ನಾಯಿ ಉಚ್ಚೆ, ಅದರ ಮೇಲೆ ಹಾಸಿದ ದುಪ್ಪಟಿ, ಆ ದುಪ್ಪಟಿಯ ಮೇಲೆ ಮಲಗಿದ ಗಿಟಾರಿನವನು. ಕ್ಲೆಲ್ ಸ್ಟ್ರೌಡನ ಹಂದಿಗಳು ಆ ಮನೆಯಲ್ಲಿ ಒಂದು ರಾತ್ರಿಯೂ ಕಳೆಯುತ್ತಿರಲಿಲ್ಲ. ನೆಲ್ಡಾ ಬಾಗಿಲು ಪೂರ್ತಿ ತೆಗೆದಿಟ್ಟು ಹೊಸ್ತಿಲ ಹತ್ತಿರ ನಿಂತೇ ನುಡಿಸುತ್ತಿದ್ದಳು. ಚಳಿಗಾಲದಲ್ಲೂ ಅಷ್ಟೇ. ಹುಡುಗರು ಹಲ್ಲು ಕಡಿಯುತ್ತಾ ಬೈದರೆ ಬೈಯಲಿ ಬಿಡು ಅಂದುಕೊಂಡಳು.

ಹಾಗಾದರೆ ಯಾಕೆ ಉಳಿದಳು? ಅದೇ ನೋಡಿ ದರಿದ್ರ. ಆ ಹುಡುಗರು ಚೆನ್ನಾಗಿ ನುಡಿಸುತ್ತಿದ್ದರು. ಸ್ಕಿಪ್ಪನಿಗೆ ದೇವರು ಒಳ್ಳೆಯ ಕಂಠ ಕೊಟ್ಟುಬಿಟ್ಟಿದ್ದ, ಯಾರಿಗೆ ಕೊಡಬೇಕು ಅಂತ ದೇವರಿಗೂ ಕೆಲವು ಸಲ ತಿಳಿಯುವುದಿಲ್ಲ. ಹಿಂದೆ ಡ್ರಮ್ಮು ಗುಡುಗುವಾಗ ಅಪ್ಪನ ಹಳೇ ಮಟ್ಟನ್ನು ಇವಳು ಪಿಟೀಲಿನಲ್ಲಿ ಎತ್ತಿದರೆ ಬೆನ್ನುಹುರಿ ಜುಂ ಅನ್ನುತ್ತಿತ್ತು. ಅದಕ್ಕಾಗಿ ಉಳಿದಳು. ಉಳಿದದ್ದಕ್ಕೆ ನುಂಗಬೇಕಾದದ್ದನ್ನೆಲ್ಲ ನುಂಗಿದಳು. ಸ್ಕಿಪ್ ಅವಳ ಬಾಯಿಂದ ಹಳ್ಳಿ ಮಾತು ಹೆಕ್ಕುತ್ತಿದ್ದ, ವೇದಿಕೆ ಹತ್ತಿ ಅವಳದೇ ರಾಗದಲ್ಲಿ ಅದನ್ನು ಉದುರಿಸುತ್ತಿದ್ದ. ಕಾಲೇಜಿನ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಇವಳು ಹಿಂದೆ ನಿಂತು ತಂತಿ ಬಿಗಿ ಮಾಡುತ್ತಿದ್ದಳು.

ಒಮ್ಮೆ ಒಂದು ಹಳ್ಳಿಯ ಸಭಾಂಗಣದಲ್ಲೂ ನುಡಿಸಿದರು. ಗಂಡಸರು ಗಂಜಿ ಹಾಕಿದ ಅಂಗಿ ತೊಟ್ಟು, ಹೆಂಗಸರು ಕೂದಲು ಸುರುಳಿ ಮಾಡಿಸಿಕೊಂಡು ಬಂದಿದ್ದರು. ವೇದಿಕೆಯ ಮೇಲಿನ ಚಿಂದಿ ಬಟ್ಟೆಗಳನ್ನು ಕಂಡು ಮುಖ ಮುಖ ನೋಡಿಕೊಂಡರು. ಪಿಟೀಲಿಗೆ ಕುಣಿದರು, ಉಳಿದದ್ದಕ್ಕೆ ಕೈಕಟ್ಟಿ ನಿಂತರು. ಕೊನೆಯಲ್ಲಿ ಒಬ್ಬ ಅಜ್ಜಿ ನೆಲ್ಡಾಳನ್ನು ಪಕ್ಕಕ್ಕೆ ಕರೆದು, ಆ ಹುಡುಗರ ಮನೆಗೇನಾದರೂ ಬೆಂಕಿ ಬಿದ್ದಿತ್ತಾ ಎಂದು ಕೇಳಿದಳು. ನೆಲ್ಡಾ ಹೂಂ ಅಂದುಬಿಟ್ಟಳು. ಬೇರೆ ಏನು ಹೇಳಬೇಕಿತ್ತು?

ಮುಂದಿನ ವರ್ಷ ಕ್ಯಾಲಿಫೋರ್ನಿಯಾದ ಒಂದು ಕಂಪನಿಯವರು ಇವರನ್ನು ಕೇಳಿ ಮೆಚ್ಚಿ, ರೆಕಾರ್ಡು ಮಾಡಿಸಿದರು. ನೆಲ್ಡಾ ಲಾಂಡ್ರಿ ಬಿಟ್ಟಳು. ಪ್ರತಿ ಹಾಡಿನಲ್ಲೂ ಅವಳ ಪಿಟೀಲು ಇತ್ತು, ಎರಡು ಮಟ್ಟುಗಳಂತೂ ಪೂರ್ತಿ ಅವಳವೇ. ಅಡುಗೆಮನೆಯ ರೇಡಿಯೋದಲ್ಲಿ ಅಪ್ಪ ತನ್ನನ್ನು ಕೇಳಬೇಕು, ರೆಕಾರ್ಡಿನ ಮೇಲೆ ತನ್ನ ಹೆಸರು ಅಚ್ಚಾಗಿರಬೇಕು. ಅದೊಂದು ಆಸೆಗೆ ಆ ನಾರುವ ಮನೆಯನ್ನೂ ಆ ಹೆಸರನ್ನೂ ಸಹಿಸಿದ್ದಳು. ಇನ್ನು ಬಾಕಿ ಇದ್ದದ್ದು ರೆಕಾರ್ಡಿನ ಲಕೋಟೆಗೆ ಒಂದು ಫೋಟೋ ಮಾತ್ರ.

ಫೋಟೋ ಹಂದಿ ದೊಡ್ಡಿಯಲ್ಲೇ ಆಗಬೇಕು, ನಿಜವಾದ ರೈತ ಮುದುಕನೊಬ್ಬ ನಡುವೆ ಇರಬೇಕು ಎಂದು ಸ್ಕಿಪ್ ಹಟ ಹಿಡಿದ. ನಿಮ್ಮಪ್ಪ ಇದ್ದಾನಲ್ಲ ಅಂದ. ನೆಲ್ಡಾ ಆಗುವುದಿಲ್ಲ ಅಂದಳು. ಬೇಕಾದರೆ ನೀವೇ ಮಣ್ಣಿನಲ್ಲಿ ಹೊರಳಿ, ನಮ್ಮಪ್ಪನನ್ನು ಇಟ್ಟುಕೊಂಡು ನಗುವ ಕೆಲಸ ಬೇಡ ಅಂದಳು. ಅವನು ಸುಮ್ಮನಾದ ಹಾಗೆ ನಟಿಸಿ, ಅವಳ ಬೆನ್ನ ಹಿಂದೆ ಕ್ಲೆಲ್‌ಗೆ ಫೋನು ಮಾಡಿ ಒಪ್ಪಿಸಿಬಿಟ್ಟ. ಮಗಳ ಜೊತೆ ಫೋಟೋ ಅಂದರೆ ಯಾವ ಅಪ್ಪ ಬೇಡ ಅನ್ನುತ್ತಾನೆ? ನೆಲ್ಡಾಗೆ ಗೊತ್ತಾಗುವಷ್ಟರಲ್ಲಿ ಲಿಯಾನ್ ಎಂಬ ಕಂಪನಿಯ ಫೋಟೋದವನು ವಿಮಾನದಲ್ಲಿ ಬಂದಿಳಿದಿದ್ದ.

ವ್ಯಾನು ಸೆಡೇಲಿಯಾ ಪಟ್ಟಣ ದಾಟಿ ಮನೆಯ ಅಂಗಳಕ್ಕೆ ತಿರುಗಿದಾಗ ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದ. ಚರ್ಚಿನ ಕಂದು ಸೂಟು, ಟೈ, ಎಣ್ಣೆ ಹಚ್ಚಿ ಬಾಚಿದ ಕೂದಲು. ಗಡ್ಡ ಹೆರೆಯುವಾಗ ಗದ್ದ ಸ್ವಲ್ಪ ಕುಯ್ದುಕೊಂಡಿದ್ದ. ಅಷ್ಟೇ ಅಲ್ಲ, ಹಂದಿಗಳಿಗೂ ಸ್ನಾನ ಮಾಡಿಸಿದ್ದ. ರಾಜ್ಯದ ಜಾನುವಾರು ಪ್ರದರ್ಶನಕ್ಕೆ ಒಯ್ಯುವಾಗ ಮಾಡುವ ಹಾಗೆ ಬ್ರಷ್ಷು ಹಾಕಿ ತಿಕ್ಕಿ, ಕಿವಿ ಒರೆಸಿ, ಮೈಗೆ ಎಣ್ಣೆ ಸವರಿದ್ದ. ದೊಡ್ಡಿಯಲ್ಲಿ ಮೊಣಕಾಲೆತ್ತರ ಹೊಸ ಹುಲ್ಲು ಹಾಸಿತ್ತು, ಬೇಲಿಗೆ ಸುಣ್ಣ ಬಳಿದಿತ್ತು. ಹಂದಿಗಳು ತಮ್ಮ ಮೈಬಣ್ಣ ಕಂಡು ತಾವೇ ಬೆರಗಾದವರಂತೆ ಅಲುಗಾಡದೆ ನಿಂತಿದ್ದವು.

ಲಿಯಾನ್ ಕ್ಯಾಮೆರಾ ಇಳಿಸಿ ಸ್ಕಿಪ್ಪನ ಮುಖ ನೋಡಿದ. ಸ್ಕಿಪ್ ರೈತರು ಕೆಲಸಕ್ಕೆ ತೊಡುವಂಥ ಓವರಾಲ್ ಒಂದನ್ನು ಹರಿದು ತೊಟ್ಟು, ಕೆನ್ನೆಗೆ ಬೂದಿ ಬಳಿದುಕೊಂಡು ಬಂದಿದ್ದ. ಬರಿಗಾಲು. ಕ್ಲೆಲ್ ಅವನ ಕೈ ಕುಲುಕಿ, ಮಗಳ ಹತ್ತಿರ ಬಂದು ಮೆಲ್ಲಗೆ, ಆ ಹುಡುಗನಿಗೆ ತೊಡಲು ಗತಿ ಇಲ್ಲವೇನಮ್ಮ, ನನ್ನದೊಂದು ಒಳ್ಳೇ ಜೊತೆ ಇದೆ, ಬೇಜಾರು ಮಾಡಿಕೊಳ್ಳದ ಹಾಗೆ ಹೇಗೆ ಕೊಡೋದು ಎಂದು ಕೇಳಿದ. ಮೊದಲು ಊಟ ಮಾಡಿ ಎಂದು ಎಲ್ಲರನ್ನೂ ಒಳಗೆ ಕೂರಿಸಿದ. ತಾನೇ ಹೊಗೆ ಹಾಕಿ ಒಣಗಿಸಿದ ಹಂದಿ ತೊಡೆ, ಬೀನ್ಸು, ಜೋಳದ ರೊಟ್ಟಿ. ಸ್ಕಿಪ್ ತಟ್ಟೆ ದೂಡಿದ. ತಾನು ಮಾಂಸ ತಿನ್ನುವುದಿಲ್ಲವಂತೆ, ಪ್ರಾಣಿಗಳು ಪಾಪವಂತೆ. ಹಂದಿ ಸಾಕುವವನ ವೇಷ ಕಟ್ಟಿ, ಹಂದಿ ಸಾಕುವವನ ಮೇಜಿನ ಮುಂದೆ ಕೂತು! ಕ್ಲೆಲ್ ಕ್ಷಮೆ ಕೇಳಿ, ಅವನಿಗೆ ಇನ್ನೆರಡು ಚಮಚ ಬೀನ್ಸು ಬಡಿಸಿದ. ಆ ಬೀನ್ಸಿನಲ್ಲೂ ಹಂದಿ ಕೊಬ್ಬು ಇತ್ತು. ನೆಲ್ಡಾ ಹೇಳಲಿಲ್ಲ, ತಿನ್ನಲಿ ಅಂದುಕೊಂಡಳು.

ಊಟವಾದ ಮೇಲೆ ಹುಡುಗರು ಹೊಸ ಹುಲ್ಲನ್ನು ಕಾಲಿನಿಂದ ಗುಡಿಸಿ ಹಾಕಿದರು. ಡ್ರಮ್ಮಿನವನು ಬಕೆಟ್ಟುಗಟ್ಟಲೆ ನೀರು ಸುರಿದು ತುಳಿದು ಕೆಸರು ಮಾಡಿದ. ಅಪ್ಪನ ಎರಡು ದಿನದ ಕೆಲಸ ಮಣ್ಣುಪಾಲಾಯಿತು. ಅವನು ಬೇಲಿಯ ಈಚೆ ಹ್ಯಾಟು ಕೈಯಲ್ಲಿ ಹಿಡಿದು ನೋಡುತ್ತಿದ್ದ, ಪಟ್ಟಣದವರ ಪದ್ಧತಿ ಇರಬಹುದು ಅಂತ.

"ತಾತ, ಈ ಸೂಟು ಬೇಡ," ಅಂದ ಸ್ಕಿಪ್. ಆ ಊರಿನಲ್ಲಿ ಪಾದ್ರಿ ಕೂಡ ಅಪ್ಪನನ್ನು ಮಿಸ್ಟರ್ ಸ್ಟ್ರೌಡ್ ಅನ್ನುತ್ತಿದ್ದ. "ದಿನಾ ಹಾಕ್ಕೊಳೋ ಗಲೀಜು ಬಟ್ಟೆ ಇರತ್ತಲ್ಲ, ಅದು ಹಾಕ್ಕೊಂಡು ಬಾ. ನಾವೆಲ್ಲ ನಿನ್ನ ಥರಾನೇ ಕಾಣಬೇಕು."

ಅಪ್ಪನಿಗೆ ಅರ್ಥವಾಗಲಿಲ್ಲ. ಫೋಟೋ ತೆಗಿಸಿಕೊಳ್ಳುವವರು ಕೊಳಕು ಬಟ್ಟೆ ಹಾಕುತ್ತಾರೆಯೇ? ತಮಾಷೆ ಇರಬೇಕೆಂದು ನಗಲು ನೋಡಿದ, ಯಾರೂ ನಗಲಿಲ್ಲ. ಮಗಳ ಕಡೆ ತಿರುಗಿದ. ಸ್ಕಿಪ್ಪೂ ತಿರುಗಿದ, ನೀನೇ ಹೇಳು ಎಂದು ಹುಬ್ಬು ಹಾರಿಸಿದ. ಲಿಯಾನ್ ಬೆಳಕು ಹೋಗುತ್ತಿದೆ ಅಂದ, ಆ ಮುದುಕನಿಲ್ಲದೆ ಕಂಪನಿ ಈ ಚಿತ್ರ ಒಪ್ಪುವುದಿಲ್ಲ ಅಂದ. ನೆಲ್ಡಾಳ ಕಣ್ಣ ಮುಂದೆ ಅಚ್ಚಾದ ತನ್ನ ಹೆಸರು, ಅಡುಗೆಮನೆಯ ರೇಡಿಯೋ ಬಂದು ಹೋದವು.

"ಬದಲಾಯಿಸ್ಕೊಂಡು ಬಾರಪ್ಪ," ಅಂದಳು. "ಐದು ನಿಮಿಷದ ಕೆಲಸ."

ಅಪ್ಪ ತಲೆಯಾಡಿಸಿ ಒಳಗೆ ಹೋದ. ಐದು ನಿಮಿಷ ಕಳೆಯಿತು, ಹತ್ತಾಯಿತು. ಹುಡುಗರು ಕೆಸರಿನಲ್ಲಿ ಹಂದಿಯ ಬಾಲ ಎಳೆಯುತ್ತಾ ಕೇಕೆ ಹಾಕುತ್ತಿದ್ದರು. ಮುದುಕ ನಿದ್ದೆ ಹೋದನೇನೋ ನೋಡು ಎಂದು ಸ್ಕಿಪ್ ಕೂಗಿದ. ನೆಲ್ಡಾ ಒಳಗೆ ಹೋದಳು.

ಅಪ್ಪ ಮಂಚದ ತುದಿಯಲ್ಲಿ ಬನಿಯನ್ ಚಡ್ಡಿಯಲ್ಲಿ ಕೂತಿದ್ದ. ಸೂಟು ಮಡಿಸಿ ಕುರ್ಚಿಯ ಮೇಲೆ ಇಟ್ಟಿದ್ದ. ಬೀರುವಿನ ಬಾಗಿಲು ತೆರೆದಿತ್ತು, ಇದ್ದಬದ್ದ ಓವರಾಲುಗಳೆಲ್ಲ ಹಾಸಿಗೆಯ ಮೇಲೆ ಬಿದ್ದಿದ್ದವು. ಎಲ್ಲವೂ ಶುಭ್ರ.

"ಗಲೀಜು ಬಟ್ಟೆ ಒಂದೂ ಇಲ್ಲ ಕಣಮ್ಮ," ಅಂದ. "ನಿನ್ನ ಸ್ನೇಹಿತರು ಬರ್ತಾರೆ ಅಂತ ನಿನ್ನೆ ಎಲ್ಲಾ ಒಗೆದುಬಿಟ್ಟೆ. ಮೊದಲೇ ಕೇಳ್ಬೇಕಿತ್ತು. ಏನ್ ಮಾಡ್ಲಿ ಹೇಳು?"

ಹೊರಗಿನವರ ಮೇಲೆ ನೆಲ್ಡಾ ಇಷ್ಟು ದಿನ ಪಟ್ಟ ಹೇಸಿಗೆಯೆಲ್ಲ ಒಟ್ಟಾಗಿ ತನ್ನ ಮೇಲೆಯೇ ಬಂತು. ಥೂ ನನ್ನ ಜನ್ಮಕ್ಕಿಷ್ಟು, ಈ ಮನುಷ್ಯನಿಗೆ ಬಟ್ಟೆ ಬಿಚ್ಚು ಅಂದೆನಲ್ಲ, ಅದೂ ಆ ಕೊಳಕು ಮಂಡೆಗಳಿಗೋಸ್ಕರ. ಕುರ್ಚಿಯ ಮೇಲಿನ ಅಂಗಿ ಎತ್ತಿ ಬಿಡಿಸಿ ಹಿಡಿದಳು, ಕೈ ಹಾಕು ಎಂದು ಸನ್ನೆ ಮಾಡಿದಳು. ಗುಂಡಿಗಳನ್ನು ಕುತ್ತಿಗೆಯವರೆಗೂ ಅವಳೇ ಹಾಕಿದಳು.

ಆಮೇಲೆ ಹೊರಗೆ ಬಂದು ವ್ಯಾನಿನಿಂದ ಪಿಟೀಲಿನ ಪೆಟ್ಟಿಗೆ ಇಳಿಸಿಕೊಂಡಳು.

"ಹೊರಡ್ರೋ," ಅಂದಳು.

ಸ್ಕಿಪ್ ಮೊದಲು ನಕ್ಕ. ಆಮೇಲೆ ಹುಚ್ಚಾ ನಿನಗೆ, ಫೋಟೋ ಇಲ್ಲದಿದ್ದರೆ ನೀನೂ ಇಲ್ಲ, ತಿಳಿದುಕೋ ಅಂದ. ತಿಳಿದಿದೆ ಅಂದಳು. ರೆಕಾರ್ಡಿನ ಪಿಟೀಲನ್ನು ಬೇರೆಯವರ ಕೈಲಿ ಮತ್ತೆ ನುಡಿಸಿ ಹಾಕಿಸುತ್ತೇನೆ ಅಂದ. ಹಾಕಿಸು, ಆದರೆ ಮೊದಲು ನಮ್ಮ ಹಂದಿಯ ಬಾಲ ಬಿಡು ಅಂದಳು. ಪಿಟೀಲಿನ ವಿಷಯದಲ್ಲಿ ಹೇಳಿದ ಹಾಗೇ ಮಾಡಿದ ಪುಣ್ಯಾತ್ಮ. ರೆಕಾರ್ಡು ಶರತ್ಕಾಲಕ್ಕೆ ಅಂಗಡಿಗೆ ಬಂತು, ಲಕೋಟೆಯ ಮೇಲೆ ಬೇರೆ ಯಾರದೋ ಕೆಸರಿನಲ್ಲಿ ಬೇರೆ ಯಾವನೋ ಮುದುಕನ ಜೊತೆ ಮೂವರೂ ಹಲ್ಲು ಕಿರಿಯುತ್ತಿದ್ದರು. ಅವಳ ಎರಡು ಮಟ್ಟುಗಳೂ ಇದ್ದವು, ಕೆಳಗೆ ಸ್ಕಿಪ್ಪನ ಹೆಸರಿತ್ತು.

ಆದರೆ ಆ ಇಳಿಹೊತ್ತಿನಲ್ಲಿ, ವ್ಯಾನು ಧೂಳೆಬ್ಬಿಸಿ ಗೇಟು ದಾಟುತ್ತಿರುವಾಗ, ಕ್ಲೆಲ್ ಸ್ಟ್ರೌಡ್ ಟೈ ಸರಿಮಾಡಿಕೊಳ್ಳುತ್ತಾ ಮೆಟ್ಟಿಲಿಗೆ ಬಂದ. ಮತ್ತೆ ತಲೆ ಬಾಚಿದ್ದ. ಎಲ್ಲಿ ನಿಂತುಕೊಳ್ಳಲಿ ಎಂದು ಕೇಳಿದ. ಅಂಗಳದಲ್ಲಿ ಮಗಳೊಬ್ಬಳೇ ನಿಂತಿದ್ದಳು.

"ಹೊರಟೇ ಹೋದ್ರಾ?" ಅಂದ. "ನನ್ನಿಂದ ಏನಾದ್ರೂ ಎಡವಟ್ಟಾಯ್ತೇನಮ್ಮ?"

"ಇಲ್ಲಪ್ಪ," ಅಂದಳು ನೆಲ್ಡಾ. "ಅವರಿಗೆ ಹೊಲಸು ಬೇಕಿತ್ತು. ನಮ್ಮನೇಲಿ ಇರಲಿಲ್ಲ."