ಫ್ರಾನ್ಸಿನ ಗಾಡಿಗೆ ಕೊಹೀರಿನ ಧೂಳು

ಸಿದ್ರಾಮಪ್ಪ ಕಾಕಾ ಯಾರಿಗಾದರೂ ಮನಬಿಚ್ಚಿ ಕಥೆ ಹೇಳಬೇಕೆಂದರೆ ಮೊದಲು ಅವರ ಬಾಯಿಗೆ ಹತ್ತಿ ತುರುಕುತ್ತಿದ್ದರು. ಜಹೀರಾಬಾದಿನಲ್ಲಿ ಅವರದು ಹಲ್ಲಿನ ದವಾಖಾನೆ. ಕುರ್ಚಿಯಲ್ಲಿ ಮಲಗಿದವನ ದವಡೆ ಮರಗಟ್ಟಿತೋ, ಇವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. "ಫ್ರಾನ್ಸ್ ದೇಶದಾಗ ಲ ಮಾನ್ ಅಂತ ಒಂದು ಊರದ ನೋಡ್ರಿ. ಅಲ್ಲಿ ಇವತ್ತು ಗಾಡಿ ಬಿಟ್ರ ನಾಳೆ ಅದೇ ಹೊತ್ತಿಗೇ ನಿಲ್ಲೋದು. ಇಪ್ಪತ್ನಾಲ್ಕು ತಾಸು! ಜೋರು ಓಡೋ ಗಾಡಿ ಗೆಲ್ಲತದ ಅಂತ ತಿಳಿದೀರೇನು? ಛೆ ಛೆ. ದಮ್ಮು ಇದ್ದ ಗಾಡಿ ಗೆಲ್ಲತದ." ನಾರಾಯಣಖೇಡದಿಂದ ಬೆಳಗಿನ ಬಸ್ಸಿಗೆ ಬಂದ ರೈತ, ಪಾಪ, "ಆಂ, ಆಂ" ಎನ್ನುತ್ತಿದ್ದ. ಕಾಕಾ ಅದನ್ನು ಮೆಚ್ಚುಗೆಯೆಂದೇ ತಿಳಿದು ಮುಂದುವರಿಸುತ್ತಿದ್ದರು.

ಆ ದವಾಖಾನೆಗೆ ಅಂಟಿಕೊಂಡೇ ನನ್ನ ಔಷಧಿ ಅಂಗಡಿ. ನಡುವೆ ಒಂದೇ ಗೋಡೆ. ನಾವು ನೆಂಟರೇನಲ್ಲ, ಆದರೂ ನನಗೆ ಅವರು ಕಾಕಾ, ಅವರ ಹೆಂಡತಿ ಮಹಾನಂದಾ ಕಾಕು. ಗೋಡೆಯ ಪುಣ್ಯದಿಂದ, ಜೀವಮಾನದಲ್ಲಿ ಒಂದೂ ಕಾರ್ ರೇಸು ನೋಡದ ನನಗೆ ಹಳೆಯ ಕಾಲದ ಚಾಲಕರು ಬಾವುಟ ಬೀಳುತ್ತಲೇ ರಸ್ತೆ ದಾಟಿ ಓಡಿಬಂದು ಗಾಡಿಗೆ ಹಾರುತ್ತಿದ್ದ ಕಥೆ ಬಾಯಿಪಾಠವಾಗಿದೆ. ಕಾಕಾ ಅದನ್ನು ಚಪ್ಪಲಿ ಬಿಟ್ಟು ಓಡಿ ತೋರಿಸುತ್ತಿದ್ದರು. ರೋಗಿ ಅಲ್ಲಿ ಬಾಯಿ ತೆರೆದುಕೊಂಡೇ ಇರುತ್ತಿದ್ದ.

ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗಾಜಿನ ಕಪಾಟು. ಅದರ ತುಂಬ ಆ ರೇಸಿನ ಹಳೆಯ ಗಾಡಿಗಳ ಪುಟಾಣಿ ಮಾದರಿಗಳು. ಎಲ್ಲವೂ ನಿಜಗಾಡಿಯ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. "ಇಪ್ಪತ್ನಾಲ್ಕು ತಾಸಿನ ರೇಸಿಗೆ ಇಪ್ಪತ್ನಾಲ್ಕರ ಲೆಕ್ಕಾನೇ ಬರೋಬ್ಬರಿ" ಎನ್ನುತ್ತಿದ್ದರು. ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಡಬ್ಬಿಯಲ್ಲಿ ಬರುತ್ತಿದ್ದವು. ಕಾಕಾ ಹಲ್ಲು ಕೊರೆಯುವ ಯಂತ್ರದಲ್ಲೇ ಅವನ್ನು ಕೊರೆದು, ಹಲ್ಲಿನ ಕುಳಿ ತುಂಬುವ ಮಸಾಲೆಯಲ್ಲೇ ಸಂದು ಮುಚ್ಚಿ, ಬಣ್ಣ ಬಳಿದು, ನಂಬರಿನ ಚೀಟಿಗಳನ್ನು ನೀರಲ್ಲಿ ನೆನೆಸಿ ಅಂಟಿಸುತ್ತಿದ್ದರು. ತಮ್ಮ ದವಡೆಯ ಸಿಮೆಂಟು ಬೇಗ ಉದುರಿದ್ದಕ್ಕೆ ಕಂಗ್ಟಿಯ ಒಬ್ಬ ಗೌಡರು ಊರೆಲ್ಲ ಹೇಳಿಕೊಂಡು ಬಂದದ್ದುಂಟು: "ಛಲೋ ಮಾಲು ಗಾಡಿಗೆ ಹಚ್ಯಾನ, ಉಳಿದದ್ದು ನನಗ ಹಚ್ಯಾನ."

ಆ ಕಪಾಟು ನೋಡಿದ ಪ್ರತಿಯೊಬ್ಬರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದು ಓಡತದೇನ್ರಿ?" ಕಾಕಾ ಬೇಸರ ತೋರಿಸುತ್ತಿರಲಿಲ್ಲ. "ಓಡೇ ಬಂದದ್ರಿ. ಈಗಷ್ಟೇ ಬಂದದ, ಜರಾ ಕುಂದರ್ಲಿ" ಎಂದು ಗಾಜಿನ ಬಾಗಿಲು ಮುಚ್ಚುತ್ತಿದ್ದರು. ಆದರೆ ಆ ಪ್ರಶ್ನೆ ಅವರನ್ನು ಚುಚ್ಚುತ್ತಿತ್ತು. ಒಮ್ಮೆ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅಂದುಬಿಟ್ಟರು: "ಸಂಜು, ಸಾಯೋದರೊಳಗ ಒಬ್ಬರೇ ಒಬ್ಬರು ಆ ಪ್ರಶ್ನೆ ಬಿಟ್ಟು ಬ್ಯಾರೆ ಏನರ ಕೇಳಬೇಕು ನೋಡಪ್ಪ. ಅಷ್ಟಾದ್ರ ಸಾಕು."

ಅವರ ಅಸಲಿ ಹುಚ್ಚು ಗಾಡಿಯಲ್ಲ, ಗಾಡಿಯ ಮೇಲಿನ ಧೂಳು. ಒಂದು ಹಗಲು ಒಂದು ರಾತ್ರಿ ಓಡಿದ ಗಾಡಿ ಮದುವಣಿಗನಂತೆ ಹೊಳೆಯಬಾರದು ಎಂಬುದು ಅವರ ಸಿದ್ಧಾಂತ. ಮೂತಿಗೆ ಹುಳುಗಳು ಅಪ್ಪಳಿಸಿರಬೇಕು, ಗಾಲಿಯ ಹಿಂದೆ ಮಣ್ಣು ಹಿಂದಕ್ಕೆ ಗೀರಿರಬೇಕು, ಎಣ್ಣೆ ಸೋರಿರಬೇಕು. ಕೊಹೀರಿನ ಕೆಂಪು ಮಣ್ಣು, ತಾಂಡೂರಿನ ಕಲ್ಲು ಕೊಯ್ಯುವ ಕಾರ್ಖಾನೆಗಳ ಬಿಳಿ ಪುಡಿ, ಎರಡನ್ನೂ ಡಬ್ಬಿಗಳಲ್ಲಿ ತಂದು, ಕಾಕು ಮೈದಾ ಹಿಡಿಯುವ ಜರಡಿಯಲ್ಲೇ ಜರಡಿ ಹಿಡಿಯುತ್ತಿದ್ದರು. ಮನೆಯಲ್ಲಿ ಸಾಸಿವೆಯಷ್ಟು ಕಸ ಕಂಡರೂ ಸಹಿಸದ ಹೆಂಗಸು ಕಾಕು. ಬೀದಿಗೆ ಕೇಳುವಂತೆ ಕೂಗುತ್ತಿದ್ದರು: "ನಾ ಒಳಗಿನ ಧೂಳ ಹೊರಗ ಹಾಕ್ತೀನಿ, ಇವರು ಹೊರಗಿನ ಧೂಳ ಜರಡಿ ಹಿಡಿದು ಒಳಗ ತರ್ತಾರ! ಇಂಥಾ ಸಂಸಾರ ಎಲ್ಯರ ನೋಡೀರೇನು?"

ಈ ಧೂಳಿನ ಮೇಲೆ ವಾರ್ನಿಷ್ ಹೊಡೆದರೆ ಅದು ಗಟ್ಟಿಯಾಗಿ ಕೂರುತ್ತಿತ್ತು. ಕಾಕಾ ಹೊಡೆಯುತ್ತಿರಲಿಲ್ಲ. "ವಾರ್ನಿಷ್ ಬಿತ್ತಂದ್ರ ಧೂಳು ಸತ್ತಂಗ" ಎನ್ನುತ್ತಿದ್ದರು. ಹಾಗಾಗಿ ಅದು ಒಂದು ಒದ್ದೆ ಬಟ್ಟೆ ಸೋಕಿದರೆ ಹೋಗುವ ಧೂಳು. ಕಪಾಟಿಗೆ ಬೀಗ, ಬೀಗದ ಕೈ ಅವರ ಜೇಬಿನಲ್ಲಿ.

ಒಂದು ವರ್ಷ ಹೈದರಾಬಾದಿನಲ್ಲಿ ಇಂಥ ಮಾದರಿಗಳನ್ನು ಮಾಡುವವರ ಪ್ರದರ್ಶನ ಇದೆಯೆಂದು ಸುದ್ದಿ ಬಂತು. ದಸರೆ ಮುಗಿದ ಮೇಲಿನ ಭಾನುವಾರ. ಕಾಕಾ ಉದ್ದ ಬಾಲದ ಒಂದು ನೀಲಿ ಗಾಡಿಯನ್ನು ಆರಿಸಿ, ಮಳೆಗಾಲವಿಡೀ ಅದಕ್ಕೆ ಧೂಳು ಹಚ್ಚುತ್ತ ಕೂತರು. ಅಲ್ಲಿ ಬರುವವರಾದರೂ "ಓಡತದೇನು" ಎಂದು ಕೇಳಲಾರರು ಎಂಬ ಆಸೆ. ಹಲ್ಲು ಕೀಳುವಾಗಲೂ ಹಾಡು ಗುನುಗುತ್ತಿದ್ದರು. ರೋಗಿಗಳಿಗೆ ಭಯವೇ ಆಗುತ್ತಿತ್ತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಕಡೆ ತೊಳೆಯದ ವಾಹನ, ಕುಂಕುಮ ಕಾಣದ ಹತ್ಯಾರ ಉಳಿಯುವಂತಿಲ್ಲ. ಅಂದು ಬೆಳಿಗ್ಗೆ ತಾಂಡೂರಿನಲ್ಲಿ ಯಾರದೋ ದವಡೆ ಊದಿಕೊಂಡಿತೆಂದು ಕಾಕಾ ಅವಸರದಲ್ಲಿ ಹೊರಟರು. ಬೀಗದ ಕೈ ಕಪಾಟಿನ ಬೀಗದಲ್ಲೇ ಉಳಿಯಿತು. ಸಂಜೆ ಕಾಕು ನನ್ನನ್ನು ಹೋಳಿಗೆಗೆ ಕರೆದರು. ಹೋಗಿ ನೋಡುತ್ತೇನೆ, ಪಡಸಾಲೆಯಲ್ಲಿ ಪೂಜೆಗಿಟ್ಟ ಸ್ಕೂಟರಿನ ಪಕ್ಕ ಒಂದು ಮಣೆ, ಮಣೆಯ ಮೇಲೆ ಆ ನೀಲಿ ಗಾಡಿ. ಥಳಥಳ ಹೊಳೆಯುತ್ತಿದೆ. ಮೂತಿಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಕಾಕುವಿನ ಮೇಲೆ ಎಂದೂ ಬರದ ಸಿಟ್ಟು ಬಂತು.

ಅಷ್ಟರಲ್ಲಿ ಕಾಕಾ ಬಂದರು. ಕಾಕು ಹೆಮ್ಮೆಯಿಂದ ಎದುರಿಗೆ ನಿಂತರು. "ನೋಡ್ರಿ, ನಾಕ ಮಂದಿ ನೋಡೋ ಗಾಡಿ. ಹಂಗ ಹೊಲಸ ಕಳಸಿದ್ರ ಇವರ ಮನಿಯಾಗ ಹೆಣ್ಮಕ್ಕಳಿಲ್ಲೇನು ಅನ್ನಂಗಿಲ್ಲೇನು? ಮೆತ್ತನ್ನ ಹೊಸಾ ಹಲ್ಲಿನ ಬ್ರಷ್ ತಗೊಂಡು ಒಂದೊಂದು ಸಂದಿ ತಿಕ್ಕೀನಿ."

ಕಾಕಾ ಗಾಡಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು, ಗಾಲಿಗಳ ಹಿಂದೆಲ್ಲ ಇಣುಕಿ ನೋಡಿ, ನನ್ನ ಕಡೆ ತಿರುಗಿದರು. "ಇಕಿ ತಿಕ್ಕಿದಷ್ಟು ಚಂದ ನನ್ನ ಒಬ್ಬ ಪೇಶಂಟೂ ತಿಕ್ಕಂಗಿಲ್ಲ ನೋಡೋ ಸಂಜು."

ನನಗೆ ನಗು ತಡೆಯಲಾಗಲಿಲ್ಲ. ಕಾಕು ನಗಲಿಲ್ಲ. ಗಂಡನ ಮುಖ ಓದಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಏನೋ ತಪ್ಪಾಗ್ಯಾದ. ಏನಂತ ಹೇಳ್ರಿ" ಎಂದು ಎದುರಿಗೆ ಕೂತುಬಿಟ್ಟರು.

ಆಗ ಕಾಕಾ ಆ ರೇಸಿನ ಕಥೆ ಹೇಳಿದರು. ಊರಿನ ಬಾಯಿಗೆಲ್ಲ ಹತ್ತಿ ಇಟ್ಟು ಹೇಳಿದ ಮನುಷ್ಯ ಸ್ವಂತ ಹೆಂಡತಿಗೆ ಒಮ್ಮೆಯೂ ಹೇಳಿರಲಿಲ್ಲ! ಈ ಬಾಯಿಯಲ್ಲಿ ಹತ್ತಿ ಇಲ್ಲವಾದ್ದರಿಂದ ಪ್ರಶ್ನೆಗಳೂ ಬಂದವು. ರಾತ್ರಿ ಕಣ್ಣು ಹ್ಯಾಂಗ ಕಾಣ್ತಾವ? ಉಣ್ಣೋದು ಯಾವಾಗ? ಒಬ್ಬನೇ ಓಡಸ್ತಾನೇನು? "ಇಬ್ಬರು ಪಾಳಿ ಮ್ಯಾಲ ಓಡಸ್ತಾರ" ಎಂದರು ಕಾಕಾ. ಎಲ್ಲ ಕೇಳಿದ ಮೇಲೆ ಕಾಕು ಹಣೆ ಬಡಿದುಕೊಂಡರು. "ಅಂದ್ರ ಇದು ಹೊತ್ತು ಮುಳಗೋತನ ಹೊಲದಾಗ ದುಡಿದು ಬಂದ ಎತ್ತು. ಕಾಲಿನ ಮಣ್ಣು ಅದರ ಮಾನ. ಇಷ್ಟು ಮದಲ ಹೇಳಾಕ ನಿಮಗೇನು ಹಲ್ಲು ನೋಯ್ತಿತ್ತಾ?"

ಮರುದಿನದಿಂದ ಇಬ್ಬರೂ ಕೂತರು. ಕಾಕು ಜರಡಿ ಹಿಡಿಯುವುದು, ಕಾಕಾ ಹಚ್ಚುವುದು. ಸ್ವಲ್ಪ ಹೊತ್ತಿಗೆ ಕಾಕು ಕುಂಚ ಬದಿಗೆ ಸರಿಸಿ ಬೆರಳಲ್ಲೇ ಹಚ್ಚತೊಡಗಿದರು. ದಿನಾ ವಿಭೂತಿ ಹಚ್ಚಿಕೊಳ್ಳುವ ಕೈ ಅದು. ಒದ್ದೆಯಿದ್ದಾಗ ಕಾಣದ್ದು ಆರಿದ ಮೇಲೆ ಎಷ್ಟು ಬೆಳ್ಳಗಾಗುತ್ತದೆಂಬ ಅಂದಾಜು ಬೆರಳಿಗೇ ಇತ್ತು. ಕಾಕಾ ಬಾಯಿ ತೆರೆದು ನೋಡುತ್ತ ಕೂತರು. ಮೂತಿಯ ಮೇಲಿನ ಮೂರೆಳೆಯನ್ನು ಮಾತ್ರ ಅಳಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಭಾನುವಾರ ನನ್ನ ಕಾರಿನಲ್ಲೇ ಹೈದರಾಬಾದಿಗೆ ಹೋದೆವು. ಗಾಡಿಯ ಡಬ್ಬಿ ಕಾಕುವಿನ ಮಡಿಲಲ್ಲಿ. ಪ್ರತಿ ಉಬ್ಬಿಗೂ ನನಗೆ ಬೈಗುಳ. ಅಲ್ಲಿ ಬಹುಮಾನ ಗಿಹುಮಾನ ಏನೂ ಬರಲಿಲ್ಲ. ಒಬ್ಬ ಹುಡುಗಿ ವಿಭೂತಿ ತೋರಿಸಿ ಇದು ಯಾವ ತಂಡದ ಗುರುತು ಅಂದಳು. ಮಧ್ಯಾಹ್ನದ ಹೊತ್ತಿಗೆ ಟೋಪಿ ಹಾಕಿದ ಒಬ್ಬ ಹಿರಿಯರು ಬಂದು, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ, ಬಹಳ ಹೊತ್ತು ನೋಡಿದರು. ಆ ಹಿರಿಯರು ತಲೆಯೆತ್ತಿ ಕೇಳಿದರು: "ಯೇ ಮಿಟ್ಟೀ ಕಾಂ ಕೀ ಹೈ, ಸಾಬ್?"

ಈ ಮಣ್ಣು ಯಾವ ಊರಿನದು! ಕಾಕಾನ ಬಾಯಿಗೆ ಯಾರೋ ಹತ್ತಿ ಇಟ್ಟಂತಾಯಿತು. ಕೊನೆಗೆ ಕಾಕುವೇ ತಮ್ಮ ಕೈ ತೋರಿಸಿ ಹೇಳಿದರು: "ಲಾಲ್ ಕೊಹೀರ್ ಕೀ, ಸಫೇದ್ ತಾಂಡೂರ್ ಕೀ. ಹಾತ್ ಮೇರಾ." ವಾಪಸು ಬರುವಾಗ ದಾರಿಯುದ್ದಕ್ಕೂ ಕಾಕಾ ಆ ಪ್ರಶ್ನೆಯನ್ನು ತಾವೇ ಕೇಳಿಕೊಂಡು ತಾವೇ ನಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ಹೊರಟುಹೋದರು. ಮಲಗಿದವರು ಏಳಲಿಲ್ಲ. ಗೋಡೆಯ ಆಚೆ ಈಗ ಬೇರೆ ಡಾಕ್ಟರು ಇದ್ದಾರೆ, ಒಳ್ಳೆಯವರೇ, ಮಾತು ಕಡಿಮೆ. ನನಗೆ ಅಂಗಡಿಯಲ್ಲಿ ಕೂರುವುದೇ ಬೇಸರ.

ಈ ಸಲದ ಖಂಡೇಪೂಜೆಗೆ ಕಾಕು ಕರೆದರು. ಗಾಡಿಗಳನ್ನೆಲ್ಲ ಕಪಾಟಿನಿಂದ ಹೊರಗೆ ಸಾಲಾಗಿ ಇಟ್ಟಿದ್ದರು. ಸಹಾಯಕ್ಕೆಂದು ನಾನು ಬಟ್ಟೆ ಹಿಡಿದು ನೀಲಿ ಗಾಡಿಗೆ ಕೈ ಹಾಕಿದ್ದೇ ತಡ, ಕಾಕು ನನ್ನ ಮುಂಗೈ ಹಿಡಿದರು. "ಮುಟ್ಟಬ್ಯಾಡೋ!" ಆಮೇಲೆ ಕಾಕಾನ ಸಣ್ಣ ಕುಂಚ ತಂದು, ಕಣ್ಣಿನ ಹತ್ತಿರ ಹಿಡಿದು, ಹಗುರವಾಗಿ ಮೇಲ್ಮೇಲೆ ಆಡಿಸತೊಡಗಿದರು. "ಈ ಮ್ಯಾಲಿಂದು ನಮ್ಮ ಬೀದಿ ಧೂಳು. ಅದರ ಕೆಳಗಿಂದು ನಿಮ್ಮ ಕಾಕಾಂದು." ನನಗೆ ಎರಡೂ ಒಂದೇ ಆಗಿ ಕಂಡವು. ಅವರ ಕುಂಚ ಒಂದು ಕಡೆಯೂ ತಪ್ಪಲಿಲ್ಲ.

ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ ಕಾಕುವಿನ ಕೈಯಲ್ಲಿದ್ದ ನೀಲಿ ಗಾಡಿ ನೋಡಿ, "ಇದನ್ಯಾಕ ಹಂಗೇ ಬಿಟ್ಟೀರಿ ಕಾಕು? ತೊಳೀಬೇಕಿಲ್ಲ?" ಅಂದಳು.

ಕಾಕು ನೀಲಿ ಗಾಡಿಗೆ ಕುಂಕುಮವಿಟ್ಟು, ಅದನ್ನು ಕಪಾಟಿನೊಳಗೆ ಸರಿಸಿ, ಗಾಜಿನ ಬಾಗಿಲು ಮುಚ್ಚಿದರು.

"ಈಗಷ್ಟೇ ಬಂದದವ್ವ," ಅಂದರು. "ಜರಾ ಕುಂದರ್ಲಿ."