ಬ್ಯಾಟರಿಯವನ ನೀಲಿ ಅಂಗಿ

ಬ್ಯಾಟರಿಯವನಿಗೆ ಮೂಗಿನ ತುದಿಯಲ್ಲೇ ಕೋಪ. ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು ಅವನ ಕಸುಬು. ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದವರಿಗೆಲ್ಲ, ಇಷ್ಟು ವರ್ಷ ಈ ಹೊಗೆ ಕುಡಿದೂ ಕಲ್ಲುಗುಂಡಿನ ಹಾಗಿದ್ದೇನೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಇತ್ತೀಚೆಗೆ ಮಣಿಕಟ್ಟು ಸೋತು ಸುತ್ತಿಗೆ ಜಾರುತ್ತಿದ್ದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಪುಟ್ಟ ಮಗಳು ಬಿಳಚಿಕೊಂಡಾಗ ಅವನು ಹರಿಹಾಯ್ದದ್ದು ಹೆಂಡತಿಯ ಮೇಲೆ. ಮಗುವಿನ ಹೊಟ್ಟೆಗೆ ಸರಿಯಾಗಿ ಹಾಕದೆ ಏನು ಮಾಡುತ್ತೀ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಅವಳು ಹಲ್ಲು ಕಚ್ಚಿಕೊಂಡು ಸೊಪ್ಪು, ಮೊಟ್ಟೆ, ಟಾನಿಕ್ಕು ಎಲ್ಲ ಕೊಟ್ಟಳು. ಏನೂ ಪ್ರಯೋಜನವಾಗಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಅಪ್ಪನ ಕೆಲಸವೇನೆಂದು ಕೇಳಿದರು. ಮಗುವಿನ ಮೈಗೆ ಸೀಸ ಸೇರಿದೆ, ರಕ್ತ ಕೆಂಪಾಗುವುದಕ್ಕೇ ಅದು ಬಿಡುತ್ತಿಲ್ಲ, ರಕ್ತಕಣಗಳ ತುಂಬ ನೀಲಿ ಚುಕ್ಕೆಗಳು ಎದ್ದಿವೆ ಎಂದರು. ಅಪ್ಪನ ಮೈಮೇಲಿನ ಧೂಳಿನಿಂದಲೇ ಬಂದಿರಬೇಕು, ಇನ್ನೂ ಏರಿದರೆ ಮಿದುಳಿಗೂ ಪೆಟ್ಟು ಎಂದು ಎಚ್ಚರಿಸಿ ಔಷಧಿ ಬರೆದರು.

ಹೆಂಡತಿಯ ಲೆಕ್ಕದಲ್ಲಿ ವಿಷವೆಂದರೆ ಗಂಡ, ಅಷ್ಟೇ. ಈಗ ಕೂಗಾಡುವ ಸರದಿ ಅವಳದು. ಅವನ ಚಾಪೆಯನ್ನು ಬೀದಿಗೆ ಎಸೆದಳು.

"ಇನ್ಮೇಲೆ ಒಳಗೆ ಬಂದ್ರೆ ಕಾಲು ಮುರೀತೀನಿ."

ಅವನು ಗೊಣಗುತ್ತ ಅಂಗಡಿಯಲ್ಲೇ ಮಲಗಿದ. ಮಗಳನ್ನು ಕಿಟಕಿಯಾಚೆಯಿಂದಲೂ ನೋಡಲಿಲ್ಲ. ಅಷ್ಟು ಹಟ, ಅಷ್ಟೇ ಭಯ.

ಎರಡನೇ ಪರೀಕ್ಷೆಯಲ್ಲಿ ಸೀಸ ಇಳಿಯುವ ಬದಲು ಏರಿತ್ತು. ಹೆಂಡತಿ ಅಂಗಡಿಗೇ ನುಗ್ಗಿ, ಕದ್ದು ಬಂದು ಮಗುವನ್ನು ಎತ್ತಿಕೊಂಡಿದ್ದೀಯ ಎಂದು ಎಲ್ಲರೆದುರು ಅವನ ಮಾನ ಕಳೆದಳು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಮೈ ತಿಕ್ಕಿ ತೊಳೆದು, ಒಗೆದ ಬಟ್ಟೆ ತೊಟ್ಟು, ಇವತ್ತು ಒಂದು ಇತ್ಯರ್ಥವಾಗಲಿ ಎಂದು ಮನೆಗೆ ಹೋದ.

ಮಗಳು ನಿದ್ದೆ ಹೋಗಿದ್ದಳು. ತಬ್ಬಿಕೊಂಡ ದಿಂಬಿನ ಮೂಲೆ ಅವಳ ಬಾಯಲ್ಲಿತ್ತು. ದಿಂಬಿಗೊಂದು ಜೇಬು. ಆಸಿಡ್ ಬಿದ್ದು ತೂತಾದ, ಅವನದೇ ನೀಲಿ ಅಂಗಿಯ ಜೇಬು.

ಅಪ್ಪ ಬೇಕೆಂದು ಮಗು ರಚ್ಚೆ ಹಿಡಿದಿತ್ತು, ಗೂಟದಲ್ಲಿದ್ದ ಅಂಗಿಯಲ್ಲಿ ದಿಂಬು ಹೊಲಿದುಕೊಟ್ಟೆ ಎಂದು ಹೆಂಡತಿ ತಡವರಿಸಿದಳು. ಒಗೆದರೆ ಅಪ್ಪನ ವಾಸನೆ ಹೋಗುತ್ತದೆಂದು ಒಗೆದಿರಲಿಲ್ಲ.

"ನನ್ನ ಹೊರಗೆ ಹಾಕಿ, ನನ್ನ ಅಂಗೀನ ಮಗು ಬಾಯಿಗೆ ಕೊಟ್ಯಲ್ಲೇ," ಎಂದ.

ದಿಂಬು ಎಳೆದುಕೊಳ್ಳಲು ಹೋದ. ಸೋತ ಕೈಯಿಂದ ಅದು ಜಾರಿತು. ಮಗಳು ಎಚ್ಚೆತ್ತು, ಅದನ್ನು ಎದೆಗೆ ಅವುಚಿಕೊಂಡು ಅವನ ಮುಖವನ್ನೇ ನೋಡಿದಳು.

"ಕೊಡಲ್ಲ ಹೋಗು. ಇದು ನಮ್ಮಪ್ಪ."

ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ಅವಳ ಕೈಯಿಂದ ಬಿಡಿಸಬೇಕಾಯಿತು.