ಲೈಬ್ರರಿ ಮೇಡಂ ಹೇಳಿದ ಕೊನೆಯ ಅಧ್ಯಾಯ

ಮೈದಾ ಹಿಟ್ಟಿಗೆ ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದ ಅಂಟಿನ ವಾಸನೆ ಈಗ ಸಿಗುವುದೇ ಅಪರೂಪ. ಹೋದ ತಿಂಗಳು ನಮ್ಮ ಶಾಲೆಯ ಹಳೆಯ ಕಾದಂಬರಿಗಳನ್ನು ಹೊಲಿಸಲು ಮಾಲೂರಿನ ಬೈಂಡಿಂಗ್ ಅಂಗಡಿಗೆ ಒಯ್ದಿದ್ದೆ. ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. ಅದರ ಹಬೆ ಮೂಗಿಗೆ ಬಡಿದದ್ದೇ ತಡ, ಶ್ರೀನಿವಾಸಪುರದ ಲೈಬ್ರರಿ ಮೇಡಂ ಕಣ್ಣೆದುರು ಬಂದು ನಿಂತರು...

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಹತ್ತಿ ಸೀರೆ, ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು. ಹರಿದ ಪುಸ್ತಕಗಳನ್ನು ತಾವೇ ಕೂತು ಹೊಲಿಯುತ್ತಿದ್ದರು. ಪುಟದ ಮೂಲೆ ಮಡಿಸಿದವರಿಗೆ ಒಂದು ವಾರ ಪುಸ್ತಕವಿಲ್ಲ. ರಾಜರ ಕಾಲದ ಕತೆಗೆ ಮಾಯೆ, ಮಂತ್ರ ಬೆರೆಸಿದ ಕಾದಂಬರಿಗಳೆಂದರೆ ನನಗೆ ಹುಚ್ಚು, ಅವರಿಗೂ ಅಷ್ಟೇ. "ಯುದ್ಧ ಜಾಸ್ತಿ ಇರ್ಬೇಕಾ, ಮಾಟ ಜಾಸ್ತಿ ಇರ್ಬೇಕಾ?" ಎಂದು ವಿಚಾರಿಸಿಯೇ ಕಪಾಟು ತೆಗೆಯುತ್ತಿದ್ದರು. ಮಾತಾಡುವ ಆನೆಯ ಕತೆಯಿಂದ ಶುರು ಮಾಡಿಸಿ, ರೂಪ ಬದಲಿಸುವ ಮಂತ್ರಿ, ಶಾಪ ತಗುಲಿದ ರಾಜಧಾನಿ ಎಂದು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಆದರೆ ಪ್ರತಿ ಕಾದಂಬರಿಯ ಜೊತೆಗೆ ಅದೇ ಕಾಲದ ಒಂದು ಇತಿಹಾಸದ ಪುಸ್ತಕವನ್ನೂ ಒಯ್ಯಲೇಬೇಕು. "ಎರಡೂ ಓದು. ಯಾವ್ದು ನಡೆದಿದ್ದು, ಯಾವ್ದು ಕಟ್ಟಿದ್ದು ಅಂತ ನಿಂಗೆ ಗೊತ್ತಾಗ್ಬೇಕು."

ನಾನು ಒಂಬತ್ತನೇ ತರಗತಿಗೆ ಬಂದ ಹೊಸದರಲ್ಲಿ ಅಮ್ಮ ತೀರಿಕೊಂಡಳು. ಮಾವಿನ ಕಾಲ. ಅಪ್ಪ ಮಂಡಿಯಿಂದ ಬರುವುದು ಕತ್ತಲಾದ ಮೇಲೆ. ಬೀಗ ಹಾಕಿದ ಮನೆಗೆ ಹೋಗಲು ಕಾಲು ಬರದೆ, ಶಾಲೆ ಬಿಟ್ಟ ಕೂಡಲೇ ಲೈಬ್ರರಿಗೆ ಬಂದು ಕೂರುತ್ತಿದ್ದೆ. ಅಲ್ಲಿ ಒಂದು ದಿನ, ಕಲ್ಲಿನ ಸಿಂಹಗಳಿಗೆ ಜೀವ ತುಂಬಬಲ್ಲ ರಾಣಿಯೊಬ್ಬಳ ಕಾದಂಬರಿ ಕೈಗೆ ಸಿಕ್ಕಿತು. ಆ ರಾಣಿಗೆ ಒಬ್ಬಳೇ ಮಗಳು.

"ಅದು ಬೇಡ ತಲ್ಲೀ, ಬೈಂಡಿಂಗ್ ಬಿಟ್ಟಿದೆ," ಎಂದರು ಮೇಡಂ. ಅವರ ಮನೆಮಾತು ತೆಲುಗು, ಅಕ್ಕರೆ ಉಕ್ಕಿದಾಗ 'ತಾಯೀ' ಎನ್ನುವ ಆ 'ತಲ್ಲೀ' ತಾನೇ ಬರುತ್ತಿತ್ತು. ನಾನು ಹಠ ಹಿಡಿದೆ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, "ಸರಿ, ನಾಳೆ ಬಾ. ಹೊಲಿದಿಟ್ಟಿರ್ತೀನಿ," ಎಂದರು.

ನಾಲ್ಕೇ ದಿನದಲ್ಲಿ ಓದಿದೆ. ಶತ್ರುಗಳು ಕೋಟೆಯನ್ನು ಮುತ್ತಿದ್ದಾರೆ. ರಾಣಿ ಮಗಳನ್ನು ಸುರಂಗದಿಂದ ಹೊರಗೆ ಕಳಿಸುತ್ತಾಳೆ... ಅಲ್ಲಿಂದಾಚೆಗೆ ಪುಟಗಳೇ ಇರಲಿಲ್ಲ. ಓಡಿಹೋಗಿ ಮೇಡಂ ಎದುರು ನಿಂತೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು, ಆ ಕೊನೆಯನ್ನು ಬಾಯಲ್ಲೇ ಹೇಳಿದರು. ರಾಣಿ ಸಿಂಹದ ಬೆನ್ನೇರಿ ಕೋಟೆಗೋಡೆ ಹಾರಿ ಬರುತ್ತಾಳೆ. ಹುಣಸೆಮರದ ಕೆಳಗೆ ಕಾಯುತ್ತಿದ್ದ ಮಗಳನ್ನು ಮುಂದೆ ಕೂರಿಸಿಕೊಳ್ಳುತ್ತಾಳೆ. ಇಬ್ಬರೂ ಹೆಸರು ಬದಲಿಸಿಕೊಂಡು ಯಾವುದೋ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಾರೆ.

"ರಾಗೀನಾ?"

"ಹೂ ಮತ್ತೆ! ರಾಣಿ ಆದ್ರೇನು, ಹೊಟ್ಟೆಗೆ ಬೇಡ್ವಾ?"

ಅಮ್ಮ ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅಂದು.

ಮುಂದೆ ಕೋಲಾರದಲ್ಲಿ ಬಿ.ಎ. ಓದುವಾಗ, ಕಾಲೇಜಿನ ಲೈಬ್ರರಿಯಲ್ಲಿ ಅದೇ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ನಿಂತಲ್ಲೇ ಕೊನೆಯ ಅಧ್ಯಾಯ ಓದಿದೆ. ರಾಣಿ ಕೋಟೆಯೊಳಗೇ ಸಾಯುತ್ತಾಳೆ. ಮಗಳು ಮರದ ಕೆಳಗೆ ಕಾಯುತ್ತಲೇ ಇರುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಅಂದೇ ಮಧ್ಯಾಹ್ನ ಶ್ರೀನಿವಾಸಪುರದ ಬಸ್ಸು ಹತ್ತಿದೆ. "ಆ ಪುಟಗಳು ಏನಾಗಿದ್ವು ಮೇಡಂ?" ಎಂದು ನೇರವಾಗಿ ಕೇಳಿದೆ.

ಅವರು ಮುಚ್ಚುಮರೆ ಮಾಡಲಿಲ್ಲ. "ನಾನೇ ಕಣೇ, ಬ್ಲೇಡಲ್ಲಿ ಕುಯ್ದಿದ್ದು. ನೀನು ವಾಪಸ್ ಕೊಟ್ಟ ಮಾರನೇ ದಿನಾನೇ ಮತ್ತೆ ಅಂಟಿಸ್ದೆ."

"ನಡೆದಿದ್ದು ಯಾವ್ದು, ಕಟ್ಟಿದ್ದು ಯಾವ್ದು ಅಂತ ಕಲಿಸಿದೋರು ನೀವು. ನಂಗೇ ಸುಳ್ಳು ಹೇಳಿದ್ರಲ್ಲ!"

"ನಿಮ್ಮಮ್ಮ ಹೋಗಿ ತಿಂಗಳೂ ಆಗಿರ್ಲಿಲ್ಲ," ಎಂದರು ಮೆಲ್ಲಗೆ. "ಆ ಮಗು ಒಂದೇ ಕಾಯ್ತಾ ಕೂರೋದನ್ನ ನಿನ್ನ ಕೈಲಿ ಓದಿಸೋಕೆ ನಂಗಾಗ್ಲಿಲ್ಲ ತಲ್ಲೀ."

ನಾನು ಎದ್ದು ಬಂದೆ. ಹತ್ತೊಂಬತ್ತರ ವಯಸ್ಸು. ನನ್ನನ್ನು ಏನನ್ನೂ ತಡೆದುಕೊಳ್ಳಲಾರದ ಕೂಸಿನಂತೆ ಕಂಡರಲ್ಲ ಎಂಬ ಅವಮಾನವೇ ಮನಸ್ಸನ್ನು ತುಂಬಿತ್ತು. ಪುಟದ ಮೂಲೆ ಮಡಿಸಿದರೂ ಸಹಿಸದ ಹೆಂಗಸು ನನಗಾಗಿ ಪುಸ್ತಕಕ್ಕೆ ಬ್ಲೇಡು ಹಾಕಿದ್ದರು... ಅದು ಎಂಥ ಕೆಲಸವೆಂದು ತಿಳಿಯಲು ನಾನು ಟೀಚರ್ ಕೆಲಸಕ್ಕೆ ಸೇರಿ, ಮಕ್ಕಳ ಮುಖ ನೋಡುತ್ತಾ ನಿಲ್ಲಬೇಕಾಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಮುಳಬಾಗಿಲಿನ ತಂಗಿಯ ಮನೆ ಸೇರಿದ್ದರು. ವಿಳಾಸ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ತಂಗಿ, "ಅಕ್ಕ ಹೋಗಿ ಮೂರು ತಿಂಗಳಾಯ್ತಮ್ಮಾ," ಎಂದರು. ಕೊಂಡೊಯ್ದಿದ್ದ ಹಣ್ಣನ್ನು ಅವರ ಕೈಗೇ ಕೊಟ್ಟು, ಒಂದು ಲೋಟ ನೀರು ಕುಡಿದು ಹೊರಟುಬಂದೆ.

ಈಗ ನಾನು ಇತಿಹಾಸ ಪಾಠ ಮಾಡುತ್ತೇನೆ. ಇಂಥ ಕಾದಂಬರಿಗಳನ್ನು ಇಷ್ಟಪಡುವ ಮಕ್ಕಳಿಗೆಂದು ಒಂದು ಪಟ್ಟಿ ಬರೆದು ಗೋಡೆಗೆ ಹಚ್ಚಿದ್ದೇನೆ. ಆ ರಾಣಿಯ ಕತೆಯೂ ಅದರಲ್ಲಿದೆ. ಹೋದ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಅದನ್ನೇ ಕೇಳಿದಳು. ಅವಳ ತಾಯಿ ತೀರಿಕೊಂಡದ್ದು ಈ ವರ್ಷವೇ. ಪುಟ ಕುಯ್ಯಲು ನನಗೆ ಕೈ ಬರಲಿಲ್ಲ. ಸುಮ್ಮನೆ ಕೊಟ್ಟು ಕಳಿಸಲೂ ಮನಸ್ಸು ಒಪ್ಪಲಿಲ್ಲ. "ಕೊನೇ ಅಧ್ಯಾಯ ಮಾತ್ರ ಮನೇಲಿ ಓದ್ಬೇಡ. ಇಲ್ಲಿ ನನ್ನ ಪಕ್ಕ ಕೂತು ಓದು," ಎಂದೆ.

ನಿನ್ನೆ ಊಟದ ಬಿಡುವಿನಲ್ಲಿ ಬಂದು ಓದಿದಳು. ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಮೂಗು ಒರೆಸಿಕೊಂಡು ಕೇಳಿದಳು: "ಮಿಸ್, ಆ ಮಗಳು ಆಮೇಲೆ ಏನಾದ್ಲು?"

"ಪುಸ್ತಕದಲ್ಲಿ ಅದಿಲ್ಲಮ್ಮ."

"ಯಾರಿಗೂ ಗೊತ್ತಿಲ್ವಾ?"

"ಒಬ್ಬರಿಗೆ ಗೊತ್ತಿತ್ತು," ಎಂದೆ. ಪುಸ್ತಕ ಮುಚ್ಚಿಟ್ಟು, ಸಿಂಹದ ಬೆನ್ನೇರಿ ಬಂದ ರಾಣಿಯ ಕತೆ ಹೇಳತೊಡಗಿದೆ...